ಮೆಡಿಕಲ್ ಜೆನೆಟಿಕ್ಸ್ ರೆಸಿಡೆನ್ಸಿ: ಸೇರುವ ಮುಂಚೆ ತಿಳಿದಿರಬೇಕಾದದ್ದು

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಮಕ್ಕಳ ವಿಭಾಗದ ಪೋಸ್ಟಿಂಗ್ ಆದಮೇಲೆ ಮೆಡಿಕಲ್ ಜೆನೆಟಿಕ್ಸ್ ಕಡೆ ಮನಸ್ಸು ಹೋಗಿದೆ. ಆದರೆ ಈ ರೆಸಿಡೆನ್ಸಿಯಲ್ಲಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ತಜ್ಞ ತರಬೇತಿಯಲ್ಲಿ) ಏನು ಕಲಿಸುತ್ತಾರೆ ಅಂತ ಹೇಳುವವರು ಸಿಗುತ್ತಿಲ್ಲ. ಇದು ಬರೀ ಲ್ಯಾಬ್ ಕೆಲಸವೇ? ಎಷ್ಟು ವರ್ಷ ಬೇಕು? ಜೀನೋಮ್ (ಒಬ್ಬರ ಇಡೀ ಡಿಎನ್‌ಎ) ರಿಪೋರ್ಟನ್ನು ಕಂಪ್ಯೂಟರೇ ಓದುವ ಕಾಲ ಬಂದಿದೆ, ಇನ್ನು ಜೆನೆಟಿಕ್ಸ್ ಡಾಕ್ಟರ್ ಯಾಕೆ ಬೇಕು ಅಂತ ಸ್ನೇಹಿತರು ಕೇಳುತ್ತಾರೆ. ಸೇರುವ ಜಾಗ ಆರಿಸುವಾಗ ಏನೇನು ನೋಡಬೇಕು?

ಉತ್ತರ: ಲ್ಯಾಬ್ ವಿಷಯದಿಂದಲೇ ಶುರು ಮಾಡುತ್ತೇನೆ. ಈ ಬ್ರಾಂಚ್ ಬಗ್ಗೆ ವಿಚಾರಿಸುವ ಹೆಚ್ಚಿನವರ ಮೊದಲ ಪ್ರಶ್ನೆ ಅದೇ. ಮೆಡಿಕಲ್ ಜೆನೆಟಿಕ್ಸ್ ಅಂದರೆ ಜೀನ್‌ಗಳಿಂದ ಬರುವ ಕಾಯಿಲೆಯ ರೋಗಿಗಳನ್ನು ನೋಡುವ ಬ್ರಾಂಚ್. ರೆಸಿಡೆಂಟ್‌ನ ಬಹುಪಾಲು ಸಮಯ ಒಪಿಡಿಯಲ್ಲಿ, ವಾರ್ಡ್‌ನಲ್ಲಿ, ನವಜಾತ ಶಿಶುಗಳ ಐಸಿಯುನಲ್ಲಿ, ಗರ್ಭಿಣಿಯರ ಸ್ಕ್ಯಾನ್ ರೂಮಿನಲ್ಲಿ ಕಳೆಯುತ್ತದೆ. ಲ್ಯಾಬ್‌ಗೂ ಕಳಿಸುತ್ತಾರೆ, ಆದರೆ ಅದು ತರಬೇತಿಯ ಒಂದು ಭಾಗ ಮಾತ್ರ. ಸ್ಯಾಂಪಲ್ ಓಡಿಸಿ ರಿಪೋರ್ಟಿಗೆ ಸಹಿ ಹಾಕುವ ಲ್ಯಾಬ್ ಜೆನೆಟಿಸಿಸ್ಟ್ ಬೇರೆ ತರಬೇತಿ ಪಡೆದವರು. ಅವರಲ್ಲಿ ಡಾಕ್ಟರುಗಳೂ ಇದ್ದಾರೆ, ಪಿಎಚ್‌ಡಿ ಮಾಡಿದವರೂ ಇದ್ದಾರೆ. ನೀವು ಕೇಳುತ್ತಿರುವುದು ಆ ದಾರಿಯಲ್ಲ. ನಿಮ್ಮ ಮುಂದೆ ಒಂದು ಕುಟುಂಬ ಕೂತಿರುತ್ತದೆ. ಅವರ ಕೈಯಲ್ಲಿ ದಪ್ಪನೆಯ ಫೈಲ್ ಇರುತ್ತದೆ. ನಾಲ್ಕಾರು ಡಾಕ್ಟರುಗಳನ್ನು ನೋಡಿ ಬಂದಿರುತ್ತಾರೆ. ಇದು ಏನು, ಯಾಕೆ ಬಂತು, ಮುಂದಿನ ಮಗುವಿಗೂ ಬರುತ್ತಾ ಎಂಬ ಮೂರು ಪ್ರಶ್ನೆಗೆ ಉತ್ತರ ಹುಡುಕುವುದನ್ನು ರೆಸಿಡೆನ್ಸಿ ಕಲಿಸುತ್ತದೆ. ಉತ್ತರ ಸಿಗದಿದ್ದಾಗ ಅವರ ಜೊತೆ ಹೇಗೆ ನಿಲ್ಲಬೇಕು ಅನ್ನುವುದನ್ನೂ ಕಲಿಸಬೇಕು. ಒಳ್ಳೆಯ ಜಾಗಗಳಲ್ಲಿ ಕಲಿಸುತ್ತಾರೆ.

ಎಷ್ಟು ವರ್ಷ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಕನಿಷ್ಠ ಒಂದು ವರ್ಷ ರೋಗಿಗಳನ್ನು ನೇರವಾಗಿ ನೋಡುವ ಬೇರೆ ತರಬೇತಿ ಮುಗಿಸಿರಬೇಕು. ಆಮೇಲೆ ಎರಡು ವರ್ಷದ ಜೆನೆಟಿಕ್ಸ್ ರೆಸಿಡೆನ್ಸಿ. ಪೀಡಿಯಾಟ್ರಿಕ್ಸ್ ಅಥವಾ ಇಂಟರ್ನಲ್ ಮೆಡಿಸಿನ್ ಜೊತೆ ಸೇರಿಸಿ ನಾಲ್ಕು ವರ್ಷದಲ್ಲಿ ಎರಡನ್ನೂ ಮುಗಿಸುವ ಜಂಟಿ ಕೋರ್ಸುಗಳೂ ಅಲ್ಲಿವೆ. ಕೆನಡಾದಲ್ಲಿ ಮೆಡಿಕಲ್ ಸ್ಕೂಲ್ ಮುಗಿಸಿ ನೇರವಾಗಿ ಐದು ವರ್ಷದ ರೆಸಿಡೆನ್ಸಿ. ಬ್ರಿಟನ್ನಿನಲ್ಲಿ ಮೊದಲು ಮೆಡಿಸಿನ್ ಅಥವಾ ಮಕ್ಕಳ ವಿಭಾಗದ ಆರಂಭಿಕ ತರಬೇತಿ, ನಂತರ ನಾಲ್ಕು ವರ್ಷ ಕ್ಲಿನಿಕಲ್ ಜೆನೆಟಿಕ್ಸ್. ಭಾರತದಲ್ಲಿ ಇದು ಸೂಪರ್ ಸ್ಪೆಷಾಲಿಟಿ, ಅಂದರೆ ಪಿಜಿ ಆದಮೇಲಿನ ಓದು. ಪೀಡಿಯಾಟ್ರಿಕ್ಸ್, ಜನರಲ್ ಮೆಡಿಸಿನ್, ಇಲ್ಲವೇ ಪ್ರಸೂತಿ ವಿಭಾಗದಲ್ಲಿ ಪಿಜಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಸೂಪರ್ ಸ್ಪೆಷಾಲಿಟಿ ಕೋರ್ಸುಗಳಾದ ಡಿಎಂ ಅಥವಾ ಡಿಆರ್‌ಎನ್‌ಬಿ ಸೇರುತ್ತಾರೆ. ಲಕ್ನೋದ ಎಸ್‌ಜಿಪಿಜಿಐ, ದೆಹಲಿಯ ಏಮ್ಸ್‌ನಂಥ ಜಾಗಗಳು ಇದಕ್ಕೆ ಹೆಸರಾದವು. ಸೀಟುಗಳು ಕಮ್ಮಿ.

ಯಾವ ದೇಶದಲ್ಲೇ ಓದಿದರೂ ನನ್ನ ಸಲಹೆ ಒಂದೇ. ಮೂಲ ಸ್ಪೆಷಾಲಿಟಿಯನ್ನು ಗಟ್ಟಿಯಾಗಿ ಕಲಿಯಿರಿ. ಅದನ್ನು ಜೆನೆಟಿಕ್ಸ್‌ಗೆ ಹೋಗುವ ಮೆಟ್ಟಿಲು ಅಂತ ಸುಮ್ನೆ ದಾಟಿಬಿಡಬೇಡಿ. ಸಹಜವಾಗಿ ಬೆಳೆಯುವ ನೂರಾರು ಮಕ್ಕಳನ್ನು ನೋಡಿರದವರಿಗೆ ಒಂದು ಮಗು ಯಾಕೆ ಬೇರೆ ಥರ ಕಾಣುತ್ತಿದೆ ಅನ್ನುವುದು ತಿಳಿಯುವುದಿಲ್ಲ.

ಈ ಬ್ರಾಂಚ್‌ಗೆ ವಯಸ್ಸು ಜಾಸ್ತಿ ಆಗಿಲ್ಲ. ಮನುಷ್ಯನ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ 46 ಕ್ರೋಮೋಸೋಮ್ ಇವೆ ಅಂತ ಸರಿಯಾಗಿ ಎಣಿಸಿದ್ದೇ 1956ರಲ್ಲಿ. ಮರುವರ್ಷವೇ ವಿಕ್ಟರ್ ಮೆಕ್ಯುಸಿಕ್ ಎಂಬ ಡಾಕ್ಟರ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ತೆರೆದರು. ಅವರು ಹೃದ್ರೋಗ ತಜ್ಞರಾಗಿ ಶುರು ಮಾಡಿದವರು. ಮಾರ್ಫಾನ್ ಸಿಂಡ್ರೋಮ್ (ದೇಹದ ಅಂಗಾಂಶಗಳನ್ನು ಹಿಡಿದಿಡುವ ಬಂಧ ಸಡಿಲವಾಗುವ ಆನುವಂಶಿಕ ಕಾಯಿಲೆ) ಇದ್ದ ರೋಗಿಗಳ ಹೃದಯ ನೋಡುತ್ತಾ ನೋಡುತ್ತಾ ಅವರ ಮನೆತನಗಳ ಕಡೆ ತಿರುಗಿದರು. 1966ರಲ್ಲಿ ಅವರು ಪ್ರಕಟಿಸಿದ ಆನುವಂಶಿಕ ಕಾಯಿಲೆಗಳ ಪಟ್ಟಿ ಇವತ್ತು ಒಮಿಮ್ ಅನ್ನುವ ಆನ್‌ಲೈನ್ ಕೋಶವಾಗಿ ಬೆಳೆದಿದೆ. ಜೆನೆಟಿಕ್ಸ್ ರೆಸಿಡೆಂಟ್ ಅದನ್ನು ತೆರೆಯದ ದಿನ ಇರುವುದಿಲ್ಲ. ಆದರೂ ಅಮೆರಿಕದಲ್ಲಿ ಇದಕ್ಕೆ ಉಳಿದ ಸ್ಪೆಷಾಲಿಟಿಗಳ ಸಮಕ್ಕೆ ಮಾನ್ಯತೆ ಸಿಕ್ಕಿದ್ದು 1991ರಲ್ಲಿ. ಹಾಗಾಗಿ ಬೇರೆ ವಿಭಾಗದ ಸೀನಿಯರ್‌ಗಳೇ ‘ನೀವು ಏನು ಮಾಡುತ್ತೀರಿ’ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ದಿನನಿತ್ಯದ ಕೆಲಸಕ್ಕೆ ಬರೋಣ. ಒಂದು ಕೇಸನ್ನು ಹತ್ತಿರದಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ನಾಲ್ಕು ವರ್ಷದ ಹುಡುಗ. ಎತ್ತರ ಕಮ್ಮಿ, ಹೃದಯದಲ್ಲಿ ಮರ್ಮರ್ (ಅಸಹಜ ಸದ್ದು) ಇದೆ ಅಂತ ಕಾರ್ಡಿಯಾಲಜಿಯವರು ಕಳಿಸಿದ್ದಾರೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಶ್ವಾಸಕೋಶದ ಕಡೆಗೆ ರಕ್ತ ಬಿಡುವ ಪಲ್ಮನರಿ ಕವಾಟ ಕಿರಿದಾಗಿದೆ. ರೆಸಿಡೆಂಟ್ ಮೊದಲು ಪೆಡಿಗ್ರಿ, ಅಂದರೆ ಮನೆತನದ ನಕ್ಷೆ, ಬರೆಯಬೇಕು. ಕನಿಷ್ಠ ಮೂರು ತಲೆಮಾರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ತುಂಬಿದ ಗುರುತು, ತೀರಿಹೋದವರಿಗೆ ಅಡ್ಡಗೀಟು, ಸಂಬಂಧದಲ್ಲೇ ಮದುವೆಯಾಗಿದ್ದರೆ ಜೋಡಿಗೀಟು. ಚಿತ್ರ ಬರೆಯುವುದು ಸುಲಭ. ಕೇಳುವುದು ಕಷ್ಟ. ‘ಮನೆಯಲ್ಲಿ ಯಾರಿಗಾದರೂ ಏನಾದರೂ ಕಾಯಿಲೆ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ನಿಮ್ಮ ಅಣ್ಣನಿಗೆ ಎಷ್ಟು ಮಕ್ಕಳು? ಎಲ್ಲರೂ ಇದ್ದಾರಾ? ಗರ್ಭ ನಿಲ್ಲದೆ ಹೋದದ್ದು ಇದೆಯಾ? ಹುಟ್ಟಿ ಒಂದೆರಡು ದಿನದಲ್ಲಿ ಹೋದ ಮಗು ಇತ್ತಾ? ಆ ಮಗುವಿನ ಮಾತು ಬಂದಾಗ ತಾಯಿ ಕಣ್ಣೀರು ಹಾಕಬಹುದು. ಆಗ ಪೆನ್ನು ಕೆಳಗಿಟ್ಟು ಕಾಯುವುದೂ ಕೆಲಸದ ಭಾಗವೇ.

ಆಮೇಲೆ ಪರೀಕ್ಷೆ. ಟೇಪು, ಸ್ಕೇಲು, ಬೆಳವಣಿಗೆಯ ಚಾರ್ಟು. ತಲೆಯ ಸುತ್ತಳತೆ, ಎತ್ತರ, ಚಾಚಿದ ತೋಳುಗಳ ಅಗಲ, ಎರಡು ಕಣ್ಣಿನ ಒಳಮೂಲೆಗಳ ನಡುವಿನ ಅಂತರ. ಕಿವಿ ಎಲ್ಲಿಂದ ಶುರುವಾಗುತ್ತದೆ, ಹಿಂದಕ್ಕೆ ವಾಲಿದೆಯಾ, ಕುತ್ತಿಗೆ ಗಿಡ್ಡವೇ, ಎದೆಯ ಮೂಳೆ ಮುಂದೆ ಬಂದಿದೆಯಾ ಅಥವಾ ಒಳಗೆ ಹೋಗಿದೆಯಾ. ‘ಮುಖ ಒಂಥರಾ ಇದೆ’ ಅಂತ ಬರೆಯುವ ಹಾಗಿಲ್ಲ. ಪ್ರತಿ ಲಕ್ಷಣಕ್ಕೂ ಒಪ್ಪಿತ ಹೆಸರಿದೆ. ಹೀಗೆ ಹೆಸರುಗಳನ್ನು ಒಂದುಮಾಡುವ ದೊಡ್ಡ ಪ್ರಯತ್ನ 2009ರಲ್ಲಿ ಲೇಖನಗಳ ಸರಣಿಯಾಗಿ ಬಂತು. ಹಾಗೆ ಬರೆದರೆ ಮಾತ್ರ ಇನ್ನೊಂದು ಊರಿನ ಜೆನೆಟಿಸಿಸ್ಟ್‌ಗೂ, ಲ್ಯಾಬ್‌ನ ಸಾಫ್ಟ್‌ವೇರ್‌ಗೂ ಅದು ಅರ್ಥವಾಗುತ್ತದೆ.

ಈ ಹುಡುಗನಲ್ಲಿ ಕಣ್ಣುಗಳ ಅಂತರ ಜಾಸ್ತಿ, ಕಿವಿ ಕೆಳಗಿವೆ, ಕುತ್ತಿಗೆ ಅಗಲ. ನೂನನ್ ಸಿಂಡ್ರೋಮ್ (ಎತ್ತರ, ಮುಖ, ಹೃದಯದ ಮೇಲೆ ಪರಿಣಾಮ ಬೀರುವ ಜೀನ್ ಕಾಯಿಲೆ) ಇರಬಹುದು ಅಂತ ರೆಸಿಡೆಂಟ್ ಸೀನಿಯರ್‌ಗೆ ಹೇಳುತ್ತಾರೆ. ಆಗ ಒಳ್ಳೆಯ ಟೀಚರ್ ಕೇಳುವ ಮುಂದಿನ ಪ್ರಶ್ನೆ: ಅಪ್ಪ ಅಮ್ಮನನ್ನು ನೋಡಿದೆಯಾ? ನೂನನ್ ಅಪ್ಪ ಅಥವಾ ಅಮ್ಮನಿಂದ ಬರಬಹುದು, ಆದರೆ ವಯಸ್ಸಾದಂತೆ ಮುಖದ ಲಕ್ಷಣಗಳು ಮಾಸುತ್ತವೆ. ತಂದೆ ಕುಳ್ಳಗಿದ್ದಾರೆ. ಮೊಬೈಲ್‌ನಲ್ಲಿ ಅವರ ಚಿಕ್ಕಂದಿನ ಫೋಟೋ ಇದೆಯಾ ಅಂತ ಕೇಳಿದರೆ, ಶಾಲೆಯ ಗ್ರೂಪ್ ಫೋಟೋದಲ್ಲಿ ಅದೇ ಮುಖ ಕಾಣಿಸುತ್ತದೆ. ಈಗ ಲೆಕ್ಕವೇ ಬದಲಾಯಿತು. ಮುಂದಿನ ಮಗುವಿಗೆ ಬರುವ ಸಾಧ್ಯತೆ ಶೇಕಡಾ 50. ತಂದೆಯ ಹೃದಯವನ್ನೂ ನೋಡಬೇಕು. ಹುಡುಗನಿಗೆ ಆಪರೇಷನ್ ಇದ್ದರೆ ಮೊದಲೇ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ನೂನನ್‌ನಲ್ಲಿ ರಕ್ತಸ್ರಾವದ ತೊಂದರೆ ಇರಬಹುದು. ಇಷ್ಟೆಲ್ಲ ಗೊತ್ತಾಗಿದ್ದು ರಕ್ತದ ಸ್ಯಾಂಪಲ್ ತೆಗೆಯುವ ಮುಂಚೆ. ಜೀನ್ ಟೆಸ್ಟ್ ಇದನ್ನು ಖಚಿತ ಮಾಡುತ್ತದೆ. ಸುಮಾರು ಅರ್ಧದಷ್ಟು ನೂನನ್ ರೋಗಿಗಳಲ್ಲಿ ಪಿಟಿಪಿಎನ್11 ಅನ್ನುವ ಒಂದೇ ಜೀನ್‌ನಲ್ಲಿ ಬದಲಾವಣೆ ಸಿಗುತ್ತದೆ.

ಇನ್ನು ಟೆಸ್ಟ್ ಆರಿಸುವುದು. ಇದರಲ್ಲಿ ರೆಸಿಡೆಂಟ್‌ಗಳು ಬೆವರು ಸುರಿಸುತ್ತಾರೆ, ಸುರಿಸಲೇಬೇಕು. ಎಕ್ಸೋಮ್ ಸೀಕ್ವೆನ್ಸಿಂಗ್ ಬಂದಮೇಲೆ ‘ಎಲ್ಲರಿಗೂ ಎಕ್ಸೋಮ್ ಬರೆದುಬಿಡಿ’ ಅನ್ನುವ ಅಭ್ಯಾಸ ಬೆಳೆದಿದೆ. ಸೀಕ್ವೆನ್ಸಿಂಗ್ ಅಂದರೆ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವುದು. ಎಕ್ಸೋಮ್ ಅಂದರೆ ಪ್ರೋಟೀನ್ ಮಾಡುವ ಸುಮಾರು 20,000 ಜೀನ್‌ಗಳ ಭಾಗ. ಇಡೀ ಜೀನೋಮ್‌ನಲ್ಲಿ ಅದು ಶೇಕಡಾ ಒಂದೆರಡು ಮಾತ್ರ. ಅದು ಏನನ್ನು ನೋಡುವುದಿಲ್ಲ ಅನ್ನುವುದು ಬಾಯಿಪಾಠ ಇರಬೇಕು. ಫ್ರಜೈಲ್ ಎಕ್ಸ್‌ನಲ್ಲಿ (ಬುದ್ಧಿ ಬೆಳವಣಿಗೆ ಕುಂಠಿತವಾಗುವ ಕಾಯಿಲೆ) ಡಿಎನ್‌ಎಯ ಮೂರಕ್ಷರದ ಒಂದು ತುಣುಕು 200ಕ್ಕೂ ಜಾಸ್ತಿ ಸಲ ಪುನರಾವರ್ತನೆ ಆಗಿರುತ್ತದೆ, ಸಾಮಾನ್ಯ ಎಕ್ಸೋಮ್‌ನಲ್ಲಿ ಅದು ಸಿಗುವುದಿಲ್ಲ. ಪ್ರೇಡರ್–ವಿಲ್ಲಿ ಸಿಂಡ್ರೋಮ್‌ನ ಸಂಶಯ ಇದ್ದರೆ ಮೆಥಿಲೇಷನ್ ಟೆಸ್ಟ್, ಅಂದರೆ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡುವ ಟೆಸ್ಟ್, ಬೇಕು. ಸ್ನಾಯುಗಳು ಬಲ ಕಳೆದುಕೊಳ್ಳುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯಲ್ಲಿ ಎಸ್‌ಎಂಎನ್1 ಜೀನ್‌ನ ತುಂಡೇ ಕಳೆದುಹೋಗಿರುತ್ತದೆ. ಅದರ ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ಥರದ ಎಸ್‌ಎಂಎನ್2 ಇರುವುದರಿಂದ ಸೀಕ್ವೆನ್ಸಿಂಗ್ ಮೋಸ ಹೋಗಬಹುದು. ಅದಕ್ಕೆ ಪ್ರತಿಗಳನ್ನು ಎಣಿಸುವ ಬೇರೆ ಟೆಸ್ಟ್ ಇದೆ. ಪ್ಯಾಲಿಸ್ಟರ್–ಕಿಲ್ಲಿಯನ್ ಎಂಬ ಅಪರೂಪದ ಕ್ರೋಮೋಸೋಮ್ ಕಾಯಿಲೆ ಇದ್ದ ಮಗುವಿನ ರಕ್ತದಲ್ಲಿ ಎಲ್ಲ ಸರಿಯಿದ್ದು, ಚರ್ಮದ ಸ್ಯಾಂಪಲ್‌ನಲ್ಲಿ ಮಾತ್ರ ಉತ್ತರ ಇರಬಹುದು.

ಹಳೆಯ ಟೆಸ್ಟ್‌ಗಳನ್ನೂ ಕಡೆಗಣಿಸಬೇಡಿ. ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಟೆಸ್ಟ್, ಗುಡ್ಡದ ಮೇಲೆ ನಿಂತು ಊರು ನೋಡಿದ ಹಾಗೆ. ಒಂದು ಬೀದಿಯೇ ಇನ್ನೊಂದು ಕಡೆ ಹೋಗಿ ಸೇರಿದ್ದರೆ ತಕ್ಷಣ ಕಾಣುತ್ತದೆ, ಮನೆಯ ಕಿಟಕಿ ಒಡೆದಿದ್ದು ಕಾಣುವುದಿಲ್ಲ. ಡೌನ್ ಸಿಂಡ್ರೋಮ್ ಇದಕ್ಕೆ ಒಳ್ಳೆಯ ಉದಾಹರಣೆ. ಮಗುವನ್ನು ನೋಡಿದರೇ ಗೊತ್ತಾಗುತ್ತದೆ, ಮತ್ತೆ ಕ್ಯಾರಿಯೋಟೈಪ್ ಯಾಕೆ ಅಂತ ಪೋಷಕರು ಕೇಳುತ್ತಾರೆ. ಸುಮಾರು ಶೇಕಡಾ 95 ಮಕ್ಕಳಲ್ಲಿ 21ನೇ ಕ್ರೋಮೋಸೋಮ್ ಬಿಡಿಯಾಗಿ ಮೂರು ಇರುತ್ತವೆ. ಮೂರು-ನಾಲ್ಕು ಶೇಕಡಾ ಮಕ್ಕಳಲ್ಲಿ ಆ ಮೂರನೆಯದು ಇನ್ನೊಂದು ಕ್ರೋಮೋಸೋಮ್‌ಗೆ ಅಂಟಿಕೊಂಡಿರುತ್ತದೆ. ಅಂಥ ಅಂಟು ತಾಯಿಯಲ್ಲೂ ಇದ್ದರೆ ಮುಂದಿನ ಗರ್ಭದಲ್ಲಿ ಅಪಾಯ ಶೇಕಡಾ 10ರಿಂದ 15. ಆ ತಾಯಿಯ ತಂಗಿಯಲ್ಲೂ ಅದು ಇರಬಹುದು. ‘21 ಒಂದು ಜಾಸ್ತಿ ಇದೆ’ ಅಂತ ಮಾತ್ರ ಹೇಳುವ ಮೈಕ್ರೋಅರೇ ಎಂಬ ಡಿಎನ್‌ಎ ಟೆಸ್ಟ್‌ನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಹೀಗೆ ಮಗುವಿನ ಟೆಸ್ಟ್ ಕೆಲವೊಮ್ಮೆ ಮಗುವಿಗಿಂತ ಅದರ ಚಿಕ್ಕಮ್ಮನಿಗೆ ಮುಖ್ಯವಾಗುತ್ತದೆ. ಕುಟುಂಬವನ್ನೇ ರೋಗಿ ಅಂತ ನೋಡುವುದು ಅಂದರೆ ಇದೇ.

ನಿಮ್ಮ ಸ್ನೇಹಿತರು ಕೇಳಿದ ಕಂಪ್ಯೂಟರ್ ಪ್ರಶ್ನೆಗೆ ಈಗ ಬರುತ್ತೇನೆ. ರಿಪೋರ್ಟ್ ಬಂತು ಅಂದುಕೊಳ್ಳಿ. ಒಂದು ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ. ಅದು ರೋಗಕ್ಕೆ ಕಾರಣವಾ, ಅಥವಾ ಎಲ್ಲರಲ್ಲೂ ಇರುವ ಸಾವಿರಾರು ನಿರುಪದ್ರವಿ ವ್ಯತ್ಯಾಸಗಳಲ್ಲಿ ಒಂದಾ? 2015ರಲ್ಲಿ ಅಮೆರಿಕದ ಜೆನೆಟಿಕ್ಸ್ ತಜ್ಞರ ಸಂಸ್ಥೆ ಎಸಿಎಂಜಿ ಮತ್ತು ಮಾಲಿಕ್ಯುಲರ್ ಲ್ಯಾಬ್ ತಜ್ಞರ ಸಂಸ್ಥೆ ಎಎಂಪಿ ಇದಕ್ಕೆ ನಿಯಮ ಕೊಟ್ಟವು. ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ ಅಂತ ಐದು ಮೆಟ್ಟಿಲು. ಜಗತ್ತಿನ ಬಹುತೇಕ ಲ್ಯಾಬ್‌ಗಳು ಈ ಮೆಟ್ಟಿಲುಗಳನ್ನೇ ಬಳಸುತ್ತವೆ. ನಡುವಿನದ್ದನ್ನು ಎಲ್ಲರೂ ವಿಯುಎಸ್ ಅನ್ನುತ್ತಾರೆ. ರೆಸಿಡೆಂಟ್‌ಗಳ ನಿದ್ದೆಗೆಡಿಸುವುದು ಅದೇ.

ವಿಯುಎಸ್ ಬಂದಾಗ ಏನು ಮಾಡಬೇಕು? ಕಂಪ್ಯೂಟರ್ ಹೇಳಬಲ್ಲದ್ದನ್ನು ಅದಾಗಲೇ ಹೇಳಿದೆ. ಈ ಬದಲಾವಣೆ ಸಾಮಾನ್ಯ ಜನರಲ್ಲಿ ಎಷ್ಟು ಅಪರೂಪ, ಬೇರೆ ಪ್ರಾಣಿಗಳಲ್ಲೂ ಆ ಜಾಗ ಹಾಗೇ ಉಳಿದಿದೆಯಾ, ಪ್ರೋಟೀನ್ ಕೆಡುವ ಸಾಧ್ಯತೆ ಎಷ್ಟು. ಇನ್ನು ಉಳಿದದ್ದು ರೋಗಿಯ ಹತ್ತಿರ ಇದೆ. ಅಪ್ಪ ಅಮ್ಮನನ್ನು ಟೆಸ್ಟ್ ಮಾಡಿ, ಇದು ಮಗುವಿನಲ್ಲಿ ಹೊಸದಾಗಿ ಬಂದದ್ದಾ ನೋಡಬೇಕು. ಆ ಜೀನ್‌ನ ಕಾಯಿಲೆಯಲ್ಲಿ ಮೂತ್ರಪಿಂಡದ ತೊಂದರೆ ಇರುತ್ತದೆ ಅಂತ ಓದಿದರೆ, ಯಾರೂ ಮಾಡದ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ಮಗುವನ್ನು ವಾಪಸ್ ಕರೆದು ಕಣ್ಣು, ಹಲ್ಲು, ಉಗುರು ನೋಡಬೇಕು. ಕೆಲವೊಮ್ಮೆ ಮೊದಲ ಸಲ ತಪ್ಪಿಹೋದ ಲಕ್ಷಣ ಆಗ ಸಿಗುತ್ತದೆ. ರಿಪೋರ್ಟನ್ನು ರೋಗಿಯ ಪಕ್ಕ ಇಟ್ಟು ಓದುವುದು ಅನ್ನುತ್ತೇವೆ ನಾವು. ಫೇಸ್‌ಟುಜೀನ್‌ನಂಥ ತಂತ್ರಾಂಶ ಫೋಟೋ ನೋಡಿ ಹತ್ತಾರು ಸಿಂಡ್ರೋಮ್ ಹೆಸರು ಕೊಡುತ್ತದೆ. ನಾನೂ ಅಂಥವುಗಳ ಪರವೇ. ಆದರೆ ಅದು ಕೊಟ್ಟ ಹೆಸರುಗಳಲ್ಲಿ ಯಾವುದು ಈ ಮಗುವಿನದ್ದು ಅಂತ ಯಾರಾದರೂ ನಿರ್ಧರಿಸಬೇಕು, ಆ ನಿರ್ಧಾರದ ಹೊಣೆ ಹೊರಬೇಕು. ಲ್ಯಾಬ್ ಕೊಡುವುದು ರಿಪೋರ್ಟ್. ಡಯಾಗ್ನೋಸಿಸ್ ಕೊಡುವುದು ಡಾಕ್ಟರ್. ಟೆಸ್ಟ್‌ಗಳು ಅಗ್ಗವಾಗಿ ಎಲ್ಲರಿಗೂ ಸಿಕ್ಕಷ್ಟೂ ಈ ಕೆಲಸ ಜಾಸ್ತಿಯಾಗಿದೆ, ಕಮ್ಮಿಯಾಗಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಬಿಆರ್‌ಸಿಎ1 ಜೀನ್‌ನಲ್ಲಿ (ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಏರಿಸುವ ಜೀನ್) ವಿಯುಎಸ್ ಇದೆ ಅಂತ ತಿಳಿದು, ಸ್ತನ ತೆಗೆಸಿಕೊಳ್ಳಲು ಸಿದ್ಧರಾಗಿ ಬರುವ ಹೆಂಗಸರು ಇದ್ದಾರೆ. ವಿಯುಎಸ್ ಒಂದನ್ನೇ ನಂಬಿ ಅಂಥ ಆಪರೇಷನ್ ಮಾಡಬಾರದು ಅನ್ನುವುದು ಸ್ಪಷ್ಟ ನಿಲುವು. ಅಂಥ ಬದಲಾವಣೆಗಳಲ್ಲಿ ಎಷ್ಟೋ ಮುಂದೆ ನಿರುಪದ್ರವಿ ಅಂತ ಗೊತ್ತಾಗುತ್ತವೆ. ಹೆದರಿ ಕೂತವರಿಗೆ ಅದನ್ನು ತಿಳಿಯುವ ಹಾಗೆ ಹೇಳಿ, ಅವರ ಮನೆತನದ ಕ್ಯಾನ್ಸರ್ ಇತಿಹಾಸ ನೋಡಿ ಬೇರೆ ಯೋಜನೆ ಮಾಡಿಕೊಡುವುದು ಒಂದು ದೇಹವನ್ನು ಅನಗತ್ಯ ಚಾಕುವಿನಿಂದ ಉಳಿಸುವ ಕೆಲಸ. ಇದಕ್ಕೆ ರೆಸಿಡೆನ್ಸಿಯಲ್ಲಿ ಎಷ್ಟು ಸಮಯ ಕೊಟ್ಟರೂ ಸಾಲದು ಅಂತ ನನ್ನ ಅಭಿಪ್ರಾಯ.

ಜೆನೆಟಿಕ್ಸ್‌ನಲ್ಲಿ ಎಮರ್ಜೆನ್ಸಿ ಇಲ್ಲ, ಆರಾಮ ಬ್ರಾಂಚ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹುಟ್ಟಿದಾಗ ಚೆನ್ನಾಗಿದ್ದ ಮಗು ಎರಡನೇ ಮೂರನೇ ದಿನಕ್ಕೆ ಹಾಲು ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ. ಸೋಂಕು ಅಂತ ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಯಾರಾದರೂ ಒಬ್ಬರಿಗೆ ಅಮೋನಿಯಾ ನೋಡಬೇಕು ಅಂತ ಹೊಳೆಯಬೇಕು. ಆ ರಕ್ತವನ್ನು ಬಿಗಿಪಟ್ಟಿ ಇಲ್ಲದೆ, ಸರಾಗವಾಗಿ ಹರಿಯುವ ನಾಳದಿಂದ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಲ್ಯಾಬ್‌ಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಲೆಕ್ಕ ಸುಳ್ಳಾಗಿ ಏರುತ್ತದೆ. ನಿಜಕ್ಕೂ ಏರಿದ್ದರೆ ಯೂರಿಯಾ ಸೈಕಲ್ ತೊಂದರೆ, ಅಂದರೆ ದೇಹ ಅಮೋನಿಯಾವನ್ನು ಹೊರಹಾಕಲಾಗದ ಕಾಯಿಲೆ, ಇರಬಹುದು. ಪ್ರೋಟೀನ್ ನಿಲ್ಲಿಸಿ, ಗ್ಲೂಕೋಸ್ ಹಾಕಿ, ಅಮೋನಿಯಾ ಇಳಿಸುವ ಸೋಡಿಯಂ ಬೆಂಜೋಯೇಟ್ ಕೊಟ್ಟು, ಡಯಾಲಿಸಿಸ್‌ಗೆ ಫೋನ್ ಮಾಡಬೇಕು. ಪ್ರತಿ ಗಂಟೆಯೂ ಮಿದುಳಿನ ಲೆಕ್ಕ. ರಾತ್ರಿ ಎರಡು ಗಂಟೆಗೆ ಈ ಫೋನ್ ಬರುವುದು ಜೆನೆಟಿಕ್ಸ್‌ನವರಿಗೇ. ಮಗು ಉಳಿಯುವುದಿಲ್ಲ ಅಂತ ಗೊತ್ತಾದರೂ ಕೆಲಸ ಮುಗಿಯುವುದಿಲ್ಲ. ಪೋಷಕರ ಒಪ್ಪಿಗೆ ಪಡೆದು ಫಿಲ್ಟರ್ ಪೇಪರ್‌ನಲ್ಲಿ ರಕ್ತ, ಮೂತ್ರ, ಡಿಎನ್‌ಎ, ಸಾಧ್ಯವಾದರೆ ಚರ್ಮದ ತುಣುಕು ತೆಗೆದಿಡಬೇಕು. ಆ ತಾಯಿ ಮತ್ತೆ ಗರ್ಭಿಣಿಯಾದಾಗ ಉತ್ತರ ಕೊಡುವುದು ಆ ಸ್ಯಾಂಪಲ್ ಮಾತ್ರ. ಅಂಥ ಹೊತ್ತಿನಲ್ಲಿ ಇದನ್ನು ಕೇಳಲು ಧೈರ್ಯ ಬೇಕು, ಮೃದುವಾದ ಮಾತೂ ಬೇಕು. ಸೀನಿಯರ್ ಪಕ್ಕದಲ್ಲಿ ನಿಂತು ಅವರು ಕೇಳುವುದನ್ನು ನೋಡಿಯೇ ಅದು ಬರಬೇಕು.

ಮಾತಿನ ವಿಷಯ ಬಂತು. ಕನ್ಸಲ್ಟೇಷನ್‌ನಲ್ಲಿ ಅರ್ಧ ಕೆಲಸ ಮಾತೇ. ಜೆನೆಟಿಕ್ ಕೌನ್ಸೆಲರ್ ಅನ್ನುವುದು ಈಗ ಬೇರೆಯೇ ವೃತ್ತಿ. 1969ರಲ್ಲಿ ಅಮೆರಿಕದ ಸಾರಾ ಲಾರೆನ್ಸ್ ಕಾಲೇಜ್ ಅದಕ್ಕೆ ಮೊದಲ ಸ್ನಾತಕೋತ್ತರ ಕೋರ್ಸ್ ಶುರು ಮಾಡಿತು. ಕೌನ್ಸೆಲರ್ ಇರುವ ವಿಭಾಗದಲ್ಲಿ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅವರ ಪಕ್ಕ ಕೂತು ಕೇಳಿಸಿಕೊಂಡವರ ಮಾತೇ ಬದಲಾಗುತ್ತದೆ. ‘25 ಪರ್ಸೆಂಟ್ ರಿಸ್ಕ್’ ಅಂದರೆ ನಾಲ್ಕನೇ ಮಗುವಿಗೆ ಮಾತ್ರ ಬರುತ್ತದೆ ಅಂತ ಅರ್ಥ ಮಾಡಿಕೊಳ್ಳುವವರು ಎಷ್ಟೋ ಜನ. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂತ ಹೇಳಬೇಕು, ಹೇಳಿದ್ದನ್ನು ಅವರ ಬಾಯಲ್ಲೇ ವಾಪಸ್ ಕೇಳಬೇಕು. ಇದು ಅಮ್ಮನ ತಪ್ಪಲ್ಲ, ಬಸುರಿಯಲ್ಲಿ ತಿಂದದ್ದರಿಂದ ಬಂದದ್ದಲ್ಲ ಅನ್ನುವುದನ್ನು ಅವರಾಗಿ ಕೇಳದಿದ್ದರೂ ಹೇಳಬೇಕು, ಅಜ್ಜಿಯೂ ಕೋಣೆಯಲ್ಲಿದ್ದಾಗಲೇ ಹೇಳಬೇಕು.

ಇದರ ಜೊತೆಗೆ ಗಟ್ಟಿ ಉತ್ತರ ಇಲ್ಲದ ಪ್ರಶ್ನೆಗಳು ಬರುತ್ತವೆ. ಹಂಟಿಂಗ್ಟನ್ ಎಂಬ, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುವ, ವಾಸಿಯಾಗದ ಮಿದುಳಿನ ಕಾಯಿಲೆ ಇರುವವರ ಮಗ, 25 ವರ್ಷದ ಆರೋಗ್ಯವಂತ, ಟೆಸ್ಟ್ ಮಾಡಿಸಬೇಕು ಅಂತ ಬರುತ್ತಾನೆ. ಮೊದಲು ಕೌನ್ಸೆಲಿಂಗ್, ಯೋಚಿಸಲು ಸಮಯ, ಕೊನೇ ಗಳಿಗೆಯಲ್ಲಿ ಬೇಡ ಅನ್ನುವ ಹಕ್ಕು. ಚಿಕ್ಕ ಮಕ್ಕಳಿಗೆ ಈ ಟೆಸ್ಟ್ ಮಾಡುವುದಿಲ್ಲ, ದೊಡ್ಡವರಾದ ಮೇಲೆ ಅವರೇ ನಿರ್ಧರಿಸಲಿ ಅಂತ. ಇನ್ನೊಂದು ಕಡೆ, ಬುದ್ಧಿ ಬೆಳವಣಿಗೆ ತಡವಾದ ಮಗುವಿಗೆ ಎಕ್ಸೋಮ್ ಮಾಡಿದರೆ ತಾಯಿಗೆ ಕ್ಯಾನ್ಸರ್ ಅಪಾಯ ಇದೆ ಅಂತ ಗೊತ್ತಾಗಬಹುದು. ಇಂಥದ್ದನ್ನು ಹೇಳಬೇಕಾ? 2013ರಲ್ಲಿ ಎಸಿಎಂಜಿ 56 ಜೀನ್‌ಗಳ ಪಟ್ಟಿ ಕೊಟ್ಟು, ಇವುಗಳಲ್ಲಿ ರೋಗಕಾರಕ ಬದಲಾವಣೆ ಸಿಕ್ಕರೆ ತಿಳಿಸಿ ಅಂದಿತು. ಬೇಡ ಅನ್ನುವ ಅವಕಾಶ ರೋಗಿಗೆ ಇರಬೇಕು ಅಂತ ಆಮೇಲೆ ತಿದ್ದಿತು. ಆ ಪಟ್ಟಿ ಈಗ 80 ದಾಟಿದೆ. ಟ್ರಯೋ ಟೆಸ್ಟ್‌ನಲ್ಲಿ (ಮಗು, ಅಪ್ಪ, ಅಮ್ಮ ಮೂವರನ್ನೂ ಒಟ್ಟಿಗೆ ಮಾಡುವ ಟೆಸ್ಟ್) ಅಪ್ಪ ಅಂದವರು ಜೈವಿಕವಾಗಿ ಅಪ್ಪನಲ್ಲ ಅಂತ ಕಾಣಿಸುವುದೂ ಉಂಟು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆಯೇ ಇದನ್ನೆಲ್ಲ ಮಾತಾಡಿರಬೇಕು. ಈ ಕೆಲಸವನ್ನು ಇಂಟರ್ನ್ ಕೈಗೆ ಫಾರಂ ಕೊಟ್ಟು ಮುಗಿಸುವ ವಿಭಾಗದಲ್ಲಿ ಸೇರಬೇಡಿ.

ಲ್ಯಾಬ್ ಪೋಸ್ಟಿಂಗ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ರೋಮೋಸೋಮ್, ಮಾಲಿಕ್ಯುಲರ್, ಬಯೋಕೆಮಿಕಲ್ ಈ ಮೂರೂ ಲ್ಯಾಬ್‌ಗಳಲ್ಲಿ ಸಮಯ ಕಳೆಯಬೇಕಾಗುತ್ತದೆ. ಸ್ಯಾಂಪಲ್ ಯಾವ ಟ್ಯೂಬ್‌ನಲ್ಲಿ ಬರಬೇಕು, ಯಾಕೆ ತಿರಸ್ಕಾರ ಆಗುತ್ತದೆ, ಕಲ್ಚರ್‌ಗೆ ಎಷ್ಟು ದಿನ, ಕವರೇಜ್ (ಡಿಎನ್‌ಎಯ ಒಂದು ಜಾಗವನ್ನು ಎಷ್ಟು ಸಲ ಓದಲಾಗಿದೆ ಅನ್ನುವುದು) ಕಮ್ಮಿ ಅಂದರೆ ಏನು ಅನ್ನುವುದನ್ನು ಕಣ್ಣಾರೆ ನೋಡಿರಬೇಕು. ಅಷ್ಟಾದರೆ ಮುಂದೆ ಲ್ಯಾಬ್‌ನವರ ಜೊತೆ ಅವರ ಭಾಷೆಯಲ್ಲಿ ಮಾತಾಡಬಹುದು.

‘ಹೆಸರು ಹೇಳಿ ಕಳಿಸುವ ಬ್ರಾಂಚ್, ಚಿಕಿತ್ಸೆ ಏನೂ ಇಲ್ಲ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ ಅಲ್ವಾ. ಫೀನೈಲ್‌ಕೀಟೋನ್ಯೂರಿಯಾಗೆ (ಆಹಾರದ ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಕಾಯಿಲೆ) ಪಥ್ಯದಿಂದಲೇ ಬುದ್ಧಿ ಉಳಿಸಬಹುದು ಅಂತ ಗೊತ್ತಾಗಿ ದಶಕಗಳೇ ಆದವು. ಒಂದು ಕಿಣ್ವದ ಕೊರತೆಯಿಂದ ಬರುವ ಗೋಶೆ ಕಾಯಿಲೆಗೆ ಆ ಇಲ್ಲದ ಕಿಣ್ವವನ್ನೇ ಕೊಡುವ ಔಷಧಿಗೆ ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ 2016ರಲ್ಲಿ ಮೊದಲ ಔಷಧಿ, 2019ರಲ್ಲಿ ಜೀನ್ ಥೆರಪಿ ಬಂತು. 2025ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಸಿಪಿಎಸ್1 ಎಂಬ ಕಿಣ್ವದ ಕೊರತೆ ಇದ್ದ ಒಂದೇ ಒಂದು ಮಗುವಿಗಾಗಿ, ಅದರ ಡಿಎನ್‌ಎಯ ತಪ್ಪಕ್ಷರವನ್ನೇ ತಿದ್ದುವ ಔಷಧಿಯನ್ನು ತಿಂಗಳುಗಳಲ್ಲಿ ತಯಾರಿಸಿ ಕೊಟ್ಟ ಸುದ್ದಿ ಪ್ರಕಟವಾಯಿತು. ಮೇಲೆ ಹೇಳಿದ ಅಮೋನಿಯಾ ಏರುವ ಕಾಯಿಲೆಗಳಲ್ಲೇ ಅದೂ ಒಂದು. ಹಾಗಂತ ಎಲ್ಲ ಕಾಯಿಲೆಗೂ ಔಷಧಿ ಬಂದಿದೆ ಅಂತ ಅಲ್ಲ. ಬಹುಪಾಲು ಕಾಯಿಲೆಗಳಿಗೆ ಇನ್ನೂ ಇಲ್ಲ. ಆದರೆ ಈಗ ರೆಸಿಡೆಂಟ್ ಚಿಕಿತ್ಸೆ ಶುರು ಮಾಡುವುದು, ಫಾಲೋ ಅಪ್ ಮಾಡುವುದು, ಕೆಲಸ ಮಾಡದಿದ್ದರೆ ನಿಲ್ಲಿಸುವುದು ಎಲ್ಲ ಕಲಿಯಬೇಕು. ಹಳೆಯ ಪಠ್ಯಕ್ರಮದಲ್ಲೇ ನಿಂತ ವಿಭಾಗಗಳು ಇಲ್ಲಿ ಹಿಂದೆ ಬೀಳುತ್ತಿವೆ.

ಜಾಗ ಆರಿಸುವಾಗ ಏನು ನೋಡಬೇಕು? ಮೆಷಿನ್ ನೋಡಬೇಡಿ. ಸೀಕ್ವೆನ್ಸರ್ ಇದೆ ಅನ್ನುವುದು ಒಳ್ಳೆಯ ತರಬೇತಿಯ ಗುರುತಲ್ಲ. ಅಲ್ಲಿರುವ ರೆಸಿಡೆಂಟ್‌ಗಳನ್ನೇ ಹಿಡಿದು ಕೇಳಿ. ವಾರಕ್ಕೆ ಹೊಸ ರೋಗಿಗಳನ್ನು ಎಷ್ಟು ನೋಡುತ್ತೀರಿ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಸಿಗುತ್ತದೆ? ಸೀನಿಯರ್ ರೋಗಿಯನ್ನು ಮುಟ್ಟಿ ನೋಡುತ್ತಾರಾ, ಇಲ್ಲ ಫೈಲ್ ನೋಡಿ ಟೆಸ್ಟ್ ಬರೆಯುತ್ತಾರಾ? ಮಕ್ಕಳು ಮಾತ್ರವಾ, ಅಥವಾ ಗರ್ಭಿಣಿಯರು, ಕ್ಯಾನ್ಸರ್ ಕುಟುಂಬಗಳು, ನರರೋಗ ಇರುವ ದೊಡ್ಡವರೂ ಬರುತ್ತಾರಾ? ಮೆಟಬಾಲಿಕ್ ಎಮರ್ಜೆನ್ಸಿ ನಿಮ್ಮದೇ ಜವಾಬ್ದಾರಿಯಾ? ಕೊನೆಯ ಪ್ರಶ್ನೆ ನನಗೆ ತುಂಬ ಮುಖ್ಯ: ಉತ್ತರ ಸಿಗದ ಕೇಸುಗಳನ್ನು ಏನು ಮಾಡುತ್ತೀರಿ? ಎಕ್ಸೋಮ್ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮೊದಲ ಸಲ ಉತ್ತರ ಸಿಗುವುದಿಲ್ಲ. ಹೊಸ ಜೀನ್‌ಗಳು ಪತ್ತೆಯಾಗುತ್ತಲೇ ಇರುವುದರಿಂದ ಒಂದೆರಡು ವರ್ಷ ಬಿಟ್ಟು ಅದೇ ಡೇಟಾವನ್ನು ಮತ್ತೆ ತೆರೆದರೆ ಕೆಲವರಿಗೆ ಸಿಗುತ್ತದೆ. ಹಾಗೆ ತೆರೆಯುವ ವ್ಯವಸ್ಥೆ ಇರುವ ವಿಭಾಗ ರೋಗಿಗಳನ್ನು ಮರೆಯದ ವಿಭಾಗ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಕೈಯಾರೆ ಮಾಡುವ ಪ್ರೊಸೀಜರ್‌ಗಳು ತೀರಾ ಕಮ್ಮಿ, ಹಾಗಾಗಿ ಆದಾಯವೂ ಪ್ರೊಸೀಜರ್ ಇರುವ ಬ್ರಾಂಚ್‌ಗಳಷ್ಟು ಇರುವುದಿಲ್ಲ. ಓದು ಮುಗಿಯುವುದೇ ಇಲ್ಲ. ಕೆಟ್ಟ ಸುದ್ದಿ ಹೇಳುವ ದಿನಗಳು ಸಾಲಾಗಿ ಬರುತ್ತವೆ. ಅದನ್ನು ಸಹೋದ್ಯೋಗಿಗಳ ಜೊತೆ ಮಾತಾಡಿ ಹಗುರ ಮಾಡಿಕೊಳ್ಳುವ ವಾತಾವರಣ ಇರುವ ಜಾಗವನ್ನೇ ಹುಡುಕಿ. ಒಬ್ಬಂಟಿಯಾಗಿ ಇದನ್ನು ಬಹಳ ಕಾಲ ಹೊರಲು ಆಗುವುದಿಲ್ಲ.

ನಿರ್ಧಾರ ಮಾಡಲು ನಿಮಗೆ ಇನ್ನೂ ಸಮಯ ಇದೆ. ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಎರಡು ಕೆಲಸ ಮಾಡಿ. ನಿಮ್ಮ ವಾರ್ಡ್‌ಗೆ ಬರುವ ಪ್ರತಿ ಮಗುವಿನ ಪೆಡಿಗ್ರಿ ಬರೆಯಿರಿ, ಕಾಯಿಲೆ ಯಾವುದೇ ಇರಲಿ, ಮೂರು ತಲೆಮಾರು ತಪ್ಪದೆ. ಹತ್ತಿರದಲ್ಲಿ ಜೆನೆಟಿಕ್ಸ್ ಒಪಿಡಿ ಇದ್ದರೆ ಅನುಮತಿ ಕೇಳಿ, ಕೆಲವು ವಾರ ಮೂಲೆಯಲ್ಲಿ ಕೂತು ನೋಡಿ. ಪೆಡಿಗ್ರಿ ಬರೆಯುವುದು ಬೇಜಾರು ಅನಿಸಿದರೆ ಈ ಬ್ರಾಂಚ್ ನಿಮಗೆ ಒಗ್ಗುವುದಿಲ್ಲ. ಬರೆಯುತ್ತಾ ಹೋದಂತೆ ಇನ್ನೂ ಒಬ್ಬ ಸೋದರತ್ತೆಯ ಬಗ್ಗೆ ಕೇಳಬೇಕು ಅನಿಸುತ್ತಿದ್ದರೆ, ಪಿಜಿಗೆ ಪೀಡಿಯಾಟ್ರಿಕ್ಸ್ ತಗೊಂಡು ಓದಲು ಶುರು ಮಾಡಿ.